ಫಾಕ್ಸ್‌ಪ್ರೋದಿಂದ ಹೊರಬಂದ ಅಡಿಕೆ ಲೆಕ್ಕ

(ನಮ್ಮ ಜಿಲ್ಲೆಯಲ್ಲಿ ಸಾಫ್ಟ್‌ವೇರ್ ಬರೆಯುವ ಒಂದಷ್ಟು ಜನ ಒಂದು ಭಾನುವಾರ ಶಿರಸಿಯಲ್ಲಿ ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾರವಾರ, ಅಂಕೋಲಾ ಕಡೆಯವರು ಬೆಳಗಿನ ಬಸ್ಸಿಗೇ ಹೊರಟು ಬಂದಿದ್ದೀರಿ. ಕುಮಟಾದವರು ದೇವಿಮನೆ ಘಟ್ಟ ಹತ್ತಿ ಬಂದಿದ್ದೀರಿ. ಇಷ್ಟು ವರ್ಷ ನಾವೆಲ್ಲ ಫೋನಲ್ಲೇ ಒಬ್ಬರಿಗೊಬ್ಬರು ಆದವರು. ‘ಇಂಡೆಕ್ಸ್ ಹಾಳಾಗಿದೆ, ಏನು ಮಾಡಲಿ’ ಅಂತ ರಾತ್ರಿ ಹತ್ತಕ್ಕೆ ಕೇಳಿದರೂ ಯಾರೂ ಬೇಜಾರು ಮಾಡಿಕೊಂಡಿಲ್ಲ. ಮುಖ ನೋಡಿ ಮಾತಾಡುತ್ತಿರುವುದು ಇದೇ ಮೊದಲು.

ದುಡ್ಡು ಕೊಟ್ಟು ತರುವ ಡೇಟಾಬೇಸ್ ಪ್ಲಾಟ್‌ಫಾರ್ಮ್‌ಗಳ, ಅಂದರೆ ದಾಖಲೆ ಕೂಡಿಟ್ಟು ಹುಡುಕಿ ಕೊಡುವ ಸಾಫ್ಟ್‌ವೇರ್‌ಗಳ ಜೊತೆ ನಮ್ಮ ಅನುಭವ ಏನು, ಅದನ್ನು ಮಾತಾಡಿ ಅಂದಿದ್ದಾರೆ. ನಾನು 1997ರಿಂದ ಈ ಕೆಲಸದಲ್ಲಿ ಇದ್ದೇನೆ. ಬೇರೆಯವರ ಅನುಭವ ಆಮೇಲೆ ಕೇಳೋಣ. ನನ್ನದನ್ನು ಶುರುವಿನಿಂದ ಹೇಳುತ್ತೇನೆ, ಯಾಕೆಂದರೆ ನಾನು ಇವತ್ತು ಹೇಳಬೇಕಾದ ಮಾತಿಗೆ ಆ ಹಳೆಯದೆಲ್ಲ ಬೇಕು.

ನನ್ನ ಮೊದಲ ಕೆಲಸ ಸಿದ್ದಾಪುರ ಕಡೆಯ ಒಂದು ಸಣ್ಣ ಸಹಕಾರಿ ಸಂಘದ ಅಡಿಕೆ ಲೆಕ್ಕ. ಅಡಿಕೆ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಕರಾವಳಿಯವರಿಗಾಗಿ ಎರಡು ಮಾತು. ಬೆಳೆಗಾರ ಚೀಲ ತಂದು ವಖಾರಿಯಲ್ಲಿ ಇಳಿಸುತ್ತಾನೆ. ತೂಕ ಆಗುತ್ತದೆ, ಲಾಟ್ ನಂಬರ್ ಬೀಳುತ್ತದೆ. ವ್ಯಾಪಾರಿಗಳು ಬಂದು ಅಡಿಕೆ ನೋಡಿ, ಒಂದೊಂದು ಲಾಟಿಗೂ ದರ ಬರೆದು ಟೆಂಡರ್ ಹಾಕುತ್ತಾರೆ. ಜಾಸ್ತಿ ದರ ಬರೆದವರಿಗೆ ಮಾಲು. ಆಮೇಲೆ ಬೆಳೆಗಾರನಿಗೆ ಪಟ್ಟಿ ಮಾಡಿ ಕೊಡಬೇಕು. ಮಾರಿದ ಹಣದಲ್ಲಿ ಹಮಾಲಿ, ಕಮಿಷನ್, ಮೊದಲು ತೆಗೆದುಕೊಂಡ ಮುಂಗಡ, ಅದರ ಬಡ್ಡಿ, ಅಂಗಡಿಯಲ್ಲಿ ತಂದ ಸಾಮಾನಿನ ಬಾಕಿ, ಎಲ್ಲ ಕಳೆದು ಉಳಿದದ್ದು ಅವನ ಆಸಾಮಿ ಖಾತೆಗೆ. ಇದೆಲ್ಲ ಆ ಹೊತ್ತಿಗೇ ಆಗಬೇಕು. ಬೆಳೆಗಾರ ಸಂಜೆ ಬಸ್ಸಿಗೆ ಊರಿಗೆ ಹೋಗಬೇಕಲ್ವಾ.

ಈ ಊರಿಗೆ ಇಂಥ ಲೆಕ್ಕ ಹೊಸದಲ್ಲ. ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದೇ 1923ರಲ್ಲಿ. ಕಿರ್ದಿ, ಖತಾವಣಿ ಬರೆಯುವುದರಲ್ಲಿ ಪಳಗಿದ ಕೈಗಳು ಇಲ್ಲಿ ಮೂರು ತಲೆಮಾರಿನಿಂದ ಇವೆ. ಅವರ ಮುಂದೆ ಹೋಗಿ ‘ಕಂಪ್ಯೂಟರ್ ಮಾಡುತ್ತದೆ’ ಅನ್ನಬೇಕಾದರೆ ಅದು ನಿಜವಾಗಿಯೂ ಮಾಡಬೇಕಿತ್ತು.

ಮಾಡಿತು. ಫಾಕ್ಸ್‌ಪ್ರೋ 2.6 ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್, ವಿಂಡೋಸಿಗಿಂತ ಹಳೆಯ ಡಾಸ್ ಮೇಲೆ. ಒಂದೇ ಕಂಪ್ಯೂಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದರ ವೇಗ ನೋಡಿದ ಗುಮಾಸ್ತರು ಮೊದಲ ದಿನ ಪಟ್ಟಿಯನ್ನು ಕೈಯಲ್ಲಿ ಮತ್ತೆ ಕೂಡಿ ನೋಡಿದರು. ಎರಡನೇ ದಿನವೂ ಕೂಡಿದರು. ಮೂರನೇ ದಿನ ಕೂಡಲಿಲ್ಲ.

ಫಾಕ್ಸ್‌ಪ್ರೋ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲಿ ಕೂತ ಚಿಕ್ಕವರಿಗೆ ಅದರ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಕ್ಕಿಲ್ಲ. ಅದರ ಅಜ್ಜ ಡಿಬೇಸ್. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದ ವೇಯ್ನ್ ರಾಟ್ಲಿಫ್ ಅನ್ನುವವರು 1970ರ ದಶಕದಲ್ಲಿ ಅದನ್ನು ಮನೆಯಲ್ಲಿ ಬರೆಯಲು ಕೂತದ್ದು, ಆಫೀಸಿನ ಫುಟ್‌ಬಾಲ್ ಪಂದ್ಯದ ಊಹೆ ಆಟದಲ್ಲಿ ಗೆಲ್ಲಬೇಕು ಅಂತ. ಅದನ್ನು ಆಷ್ಟನ್-ಟೇಟ್ ಕಂಪನಿ ಮಾರಿತು. ಅದೇ ಭಾಷೆಯನ್ನು ಇನ್ನೂ ಜೋರಾಗಿ ಓಡಿಸುವಂತೆ ಮಾಡಿದ್ದು ಒಹಾಯೋದ ಫಾಕ್ಸ್ ಸಾಫ್ಟ್‌ವೇರ್. 1992ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 1995ರಲ್ಲಿ ವಿಷುಯಲ್ ಫಾಕ್ಸ್‌ಪ್ರೋ ಬಂತು.

ನಮ್ಮಂಥ ಊರಿನವರಿಗೆ ಅದು ಯಾಕೆ ಹಿಡಿಸಿತು ಗೊತ್ತಾ? ಡೆವಲಪರ್ ಒಂದು ಪ್ರತಿ ಕೊಂಡರೆ ಸಾಕು. ಬರೆದ ಪ್ರೋಗ್ರಾಮನ್ನು ಎಷ್ಟು ಸಂಘಕ್ಕೆ ಬೇಕಾದರೂ ಕೊಡಬಹುದಿತ್ತು, ತಲೆಗೆ ಇಷ್ಟು ಅಂತ ಲೈಸೆನ್ಸ್ ಹಣ ಕಟ್ಟಬೇಕಿರಲಿಲ್ಲ. ಹಳೇ ಕಂಪ್ಯೂಟರಲ್ಲೂ ಓಡುತ್ತಿತ್ತು. ಕಮಾಂಡ್ ವಿಂಡೋದಲ್ಲಿ ಒಂದು ಸಾಲು ಬರೆದರೆ ಸಾವಿರ ಖಾತೆಯ ಬಡ್ಡಿ ಆ ಕ್ಷಣದಲ್ಲಿ ಬದಲಾಗುತ್ತಿತ್ತು. ಒಬ್ಬಳೇ ಕೂತು ಒಂದು ಸಂಘದ ಇಡೀ ಲೆಕ್ಕ ಬರೆಯಲು ಆಗುತ್ತಿತ್ತು. ಅದನ್ನು ನಾನು ಮರೆಯುವುದಿಲ್ಲ.

ಫೀಲ್ಡಿನ, ಅಂದರೆ ದಾಖಲೆಯ ಒಂದೊಂದು ಕಾಲಮ್ಮಿನ ಹೆಸರು ಹತ್ತು ಅಕ್ಷರ ದಾಟುವಂತಿರಲಿಲ್ಲ. ನಮ್ಮ ಅಡಿಕೆಯ ಬಗೆಗಳು ಅದರಲ್ಲಿ ಹಿಡಿದವು. ರಾಶಿ, ಚಾಲಿ, ಬೆಟ್ಟೆ ಸಲೀಸು. ಕೆಂಪುಗೋಟು ಇಂಗ್ಲಿಷ್ ಅಕ್ಷರದಲ್ಲಿ ಒಂಬತ್ತು. ತಟ್ಟಿಬೆಟ್ಟೆ ಸರಿಯಾಗಿ ಹತ್ತು. ಕಾಳುಮೆಣಸೂ ಹತ್ತು. ಹೊಸ ಫೀಲ್ಡ್ ಬಂದಾಗೆಲ್ಲ ಬೆರಳು ಮಡಚಿ ಎಣಿಸುವುದು ನನಗೆ ರೂಢಿಯೇ ಆಯಿತು.

ಇನ್ನು 1999ರ ಮಳೆಗಾಲದ ಒಂದು ರಾತ್ರಿ. ಟೆಂಡರ್ ದಿನ. ಎಂಟ್ರಿ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಬ್ಯಾಟರಿ ಸತ್ತಿತ್ತು. ಕರೆಂಟ್ ಬಂದ ಮೇಲೆ ಲಾಟ್ ಫೈಲ್ ತೆರೆಯಲೇ ಇಲ್ಲ. ಇದು ಡೇಟಾಬೇಸ್ ಫೈಲೇ ಅಲ್ಲ ಅಂತ ಪರದೆ ಮೇಲೆ ಬಂತು. ಬ್ಯಾಕಪ್ ಇದ್ದದ್ದು ನಾಲ್ಕು ದಿನ ಹಿಂದಿನದು. ಫ್ಲಾಪಿಯಲ್ಲಿ. ಅದರ ಮೇಲೆ ಬೂಸಲು ಹಿಡಿದಿತ್ತು. ಮಲೆನಾಡಿನ ಮಳೆಗಾಲ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಮಾಸ್ತರು ಬಂದು ನನ್ನ ಹಿಂದೆ ನಿಂತರು. ‘ಎಂತಾ ಆತೇ ಕೂಸೆ?’ ಅಂದರು. ನನಗೆ ಉತ್ತರ ಬರಲಿಲ್ಲ.

ಆಗ ಉಳಿಸಿದ್ದು ಒಂದೇ ವಿಷಯ. ಫಾಕ್ಸ್‌ಪ್ರೋ ದಾಖಲೆಗಳನ್ನು ಇಡುವ ಡಿಬಿಎಫ್ ಫೈಲಿನ ಒಳಗೆ ಏನಿದೆ ಅಂತ ಪುಸ್ತಕದಲ್ಲಿ ಅಚ್ಚಾಗಿತ್ತು. ಯಾರು ಬೇಕಾದರೂ ಓದಬಹುದಿತ್ತು. ಬೈಟ್ ಅಂದರೆ ಒಂದು ಅಕ್ಷರ ಹಿಡಿಯುವಷ್ಟು ಜಾಗ. ಫೈಲಿನ ತಲೆಯಲ್ಲಿ ಐದರಿಂದ ಎಂಟನೇ ಬೈಟಿನವರೆಗೆ ಎಷ್ಟು ದಾಖಲೆ ಇವೆ ಅನ್ನುವ ಸಂಖ್ಯೆ ಇರುತ್ತದೆ. ಕರೆಂಟ್ ಹೋದಾಗ ಆ ಸಂಖ್ಯೆ ಮುಂದೆ ಹೋಗಿತ್ತು, ದಾಖಲೆಗಳು ಡಿಸ್ಕಿಗೆ ಇಳಿದಿರಲಿಲ್ಲ. ತಲೆಯಲ್ಲಿ 4,226 ಅಂತಿತ್ತು. ನಾನು ಒಂದು ಹಳೇ ಟೆಂಡರ್ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಫೈಲಿನ ಗಾತ್ರ 4,04,834 ಬೈಟ್. ತಲೆಯ ಭಾಗ 481. ಕೊನೆಯಲ್ಲಿ ಮುಗಿಯಿತು ಅನ್ನುವ ಗುರುತು ಒಂದು ಬೈಟ್. ಉಳಿದದ್ದು 4,04,352. ಒಂದು ದಾಖಲೆಗೆ 96. ಭಾಗಿಸಿದರೆ 4,212, ಶೇಷ ಸೊನ್ನೆ. ಆ ಸೊನ್ನೆ ನೋಡಿದಾಗ ಉಸಿರು ಬಂತು. ಶೇಷ ಇಲ್ಲ ಅಂದರೆ ಒಂದು ದಾಖಲೆಯೂ ಅರ್ಧಕ್ಕೆ ತುಂಡಾಗಿಲ್ಲ.

ಫಾಕ್ಸ್‌ಪ್ರೋದಲ್ಲೇ ಫೈಲನ್ನು ಬೈಟ್ ಬೈಟಾಗಿ ತೆರೆದು ಬರೆಯುವ ಕಮಾಂಡ್ ಇದ್ದವು. ಆ ನಾಲ್ಕು ಬೈಟಿನ ಜಾಗದಲ್ಲಿ 116, 16, ಸೊನ್ನೆ, ಸೊನ್ನೆ ಬರೆದೆ. ಎರಡನೇ ಬೈಟಿನ ಒಂದೊಂದು ಎಣಿಕೆಗೂ ಬೆಲೆ 256. ಹದಿನಾರು ಸಲ 256, ಅದಕ್ಕೆ 116 ಕೂಡಿದರೆ 4,212. ಫೈಲ್ ತೆರೆಯಿತು. ಹೋದ ಹದಿನಾಲ್ಕು ಲಾಟುಗಳನ್ನು ಗುಮಾಸ್ತರು ಚೀಟಿ ನೋಡಿ ಓದಿದರು, ನಾನು ಹೊಡೆದೆ. ರಾತ್ರಿ ಒಂದೂವರೆಗೆ ಮುಗಿಯಿತು. ಅವರ ಮನೆಯಿಂದ ಬಂದ ಅವಲಕ್ಕಿ ಮೊಸರು ತಿಂದು ಅಲ್ಲೇ ಮಲಗಿದೆ.

ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಆ ರಾತ್ರಿ ನನ್ನ ಬುದ್ಧಿವಂತಿಕೆಯಿಂದ ಉಳಿದದ್ದಲ್ಲ. ಒಳಗೆ ನೋಡಲು ಬಿಟ್ಟಿದ್ದರಿಂದ ಉಳಿಯಿತು. ಫೈಲ್ ಮುಚ್ಚಿದ ಪೆಟ್ಟಿಗೆ ಆಗಿದ್ದರೆ ಬೂಸಲು ಹಿಡಿದ ಫ್ಲಾಪಿಯೇ ಗತಿ ಆಗುತ್ತಿತ್ತು.

ಆಮೇಲೆ ಕನ್ನಡ ಬಂತು. ಮೊದಲು ಹೆಸರುಗಳನ್ನು ಇಂಗ್ಲಿಷಲ್ಲೇ ಹೊಡೆಯುತ್ತಿದ್ದೆವು. ‘ನಮ್ಮ ಹೆಸರು ಕನ್ನಡದಲ್ಲಿ ಬರಲಿ’ ಅಂತ ಸದಸ್ಯರು ಕೇಳಿದರು. ಕೇಳಿದ್ದು ಸರಿಯೇ. ಕನ್ನಡ ಗಣಕ ಪರಿಷತ್ತಿನ ನುಡಿ ಅನ್ನುವ ಕನ್ನಡ ಬರೆಯುವ ಸಾಫ್ಟ್‌ವೇರ್ ಬಂದ ಮೇಲೆ ಅದು ಆಗುವ ಮಾತಾಯಿತು. ನಾನೂ ವಿಂಡೋಸ್ ಮೇಲೆ ವಿಷುಯಲ್ ಫಾಕ್ಸ್‌ಪ್ರೋಗೆ ಬಂದಿದ್ದೆ. ನುಡಿ ಫಾಂಟ್ ಹಾಕಿದೆ, ಪಟ್ಟಿಯಲ್ಲಿ ಚೆಂದದ ಕನ್ನಡ ಬಂತು. ಸಂಘದಲ್ಲಿ ಎಲ್ಲರಿಗೂ ಖುಷಿ.

ಎರಡು ತಿಂಗಳಿಗೆ ಸದಸ್ಯರ ಯಾದಿ ಪ್ರಿಂಟ್ ತೆಗೆದೆವು. ಅಕ್ಷರಮಾಲೆಯ ಕ್ರಮದಲ್ಲಿ ಬರಬೇಕಲ್ವಾ. ಮೊದಲ ಹೆಸರು ಯಶೋದಾ. ಅವರ ಹಿಂದೆ ಅನಂತ. ರಾಮಚಂದ್ರ ತಿಮ್ಮಪ್ಪನಿಗಿಂತ ಮುಂದೆ. ವಸಂತ ಆದ ಮೇಲೆ ಮಂಜುನಾಥ, ಮಂಜುನಾಥನ ಹಿಂದೆ ಮತ್ತೆ ವೆಂಕಟೇಶ.

ಏನಾಗಿತ್ತು ಅಂದರೆ, ಆ ಕಾಲದ ನುಡಿ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಫೈಲಿನೊಳಗೆ ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ‘ಯ’ ಒಳಗೆ ದೊಡ್ಡ ಎ-ಯಿಂದ ಶುರುವಾಗುತ್ತದೆ. ‘ಅ’ ಅಂದರೆ ದೊಡ್ಡ ಸಿ. ‘ರ’ ಸಣ್ಣ ಜಿ. ಇನ್ನು ‘ಮ’ ಅಕ್ಷರವನ್ನು ‘ವ’ ಬರೆದು ಅದಕ್ಕೊಂದು ಕೊಂಬು ಸೇರಿಸಿ ಮಾಡಿದ್ದರು. ನಾವು ಕೈಯಲ್ಲಿ ಬರೆಯುವುದೂ ಹಾಗೇ ತಾನೆ. ಕಣ್ಣಿಗೆ ಸರಿ. ಕಂಪ್ಯೂಟರಿಗೆ ಮಾತ್ರ ಮಂಜುನಾಥನೂ ವೆಂಕಟೇಶನೂ ಒಂದೇ ಅಕ್ಷರದವರು.

ಫಾಕ್ಸ್‌ಪ್ರೋ ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದು ಬೈಟ್ ಅನ್ನುವ ಕಾಲದಲ್ಲಿ. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಅದರ ಒಳಗೆ ಬರಲೇ ಇಲ್ಲ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡಿನ ತುಂಗಾ ಫಾಂಟೂ ಬಂದಿತ್ತು. ದಾರಿ ಇತ್ತು, ನಮ್ಮ ಗಾಡಿ ಆ ದಾರಿಯಲ್ಲಿ ಹೋಗುವಂಥದ್ದಲ್ಲ. ನಾನು ಹೆಸರಿನ ಪಕ್ಕ ಇನ್ನೊಂದು ಫೀಲ್ಡ್ ಮಾಡಿ, ಸರಿಯಾದ ಕ್ರಮಕ್ಕೆ ಒಂದು ಸಂಕೇತ ಇಟ್ಟು ಕೆಲಸ ಸಾಗಿಸಿದೆ. ಇಲ್ಲಿ ಕೂತವರಲ್ಲಿ ಕನಿಷ್ಠ ನಾಲ್ಕು ಜನ ಅದನ್ನೇ ಮಾಡಿದ್ದೀರಿ, ನನಗೆ ಗೊತ್ತು.

ಇದಕ್ಕೆ ಬೆಲೆ ತೆತ್ತಿದ್ದು ಹತ್ತು ವರ್ಷ ಆದಮೇಲೆ, ಎಲ್ಲವನ್ನೂ ಯೂನಿಕೋಡಿಗೆ ತರುವಾಗ. ಹೊನ್ನಾವರ, ಕುಮಟಾ ಕಡೆಯ ಡೇಟಾ ಮಾಡಿದವರಿಗೆ ಅರ್ಕಾವತ್ತಿನ ಕಷ್ಟ ಗೊತ್ತು. ನುಡಿಯಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ರ್ ಅಕ್ಷರಕ್ಕಿಂತ ಮೊದಲು ಬರಬೇಕು. ಸುಮ್ನೆ ಒಂದಕ್ಕೊಂದು ಅಕ್ಷರ ಬದಲಿಸುತ್ತಾ ಹೋದರೆ ಗೋಕರ್ಣ ಹೋಗಿ ‘ಗೋಕಣರ್’ ಆಗುತ್ತದೆ. ಕರ್ಕಿ ‘ಕಕಿರ್’ ಆಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಆರುನೂರು ಜನರ ವಿಳಾಸ ಹೀಗೇ ಆಗಿತ್ತು. ಒಬ್ಬ ಅಜ್ಜ ನೋಟಿಸ್ ಹಿಡಿದು ಬಂದು, ‘ತಂಗೀ, ನಮ್ಮ ಊರನ್ನು ಇದು ಎಲ್ಲಿಗೆ ಒಯ್ದಿತು?’ ಅಂತ ಕೇಳಿದರು. ಅವರಿಗೆ ನಿಜಕ್ಕೂ ನೋವಾಗಿತ್ತು. ಊರಿನ ಹೆಸರು ಅಂದರೆ ಸಣ್ಣ ವಿಷಯ ಅಲ್ಲ.

ಈಗ 2007. ಆ ವರ್ಷದ ಮಾರ್ಚಿನಲ್ಲಿ, ವಿಷುಯಲ್ ಫಾಕ್ಸ್‌ಪ್ರೋ 9ರ ನಂತರ ಇನ್ನೊಂದು ಆವೃತ್ತಿ ಬರುವುದಿಲ್ಲ ಅಂತ ಮೈಕ್ರೋಸಾಫ್ಟ್ ತಿಳಿಸಿತು. ಬೆಂಬಲ 2015ರ ಜನವರಿ 13ರವರೆಗೆ. ಸ್ಪ್ಯಾನಿಷ್ ಮಾತಾಡುವ ಡೆವಲಪರ್‌ಗಳು ಸೇರಿ ಸಹಿ ಸಂಗ್ರಹ ಮಾಡಿದರು. ಮುಂದುವರಿಸಿ, ಇಲ್ಲದಿದ್ದರೆ ಅದರ ಮೂಲ ಕೋಡನ್ನು ನಮಗೆ ಬಿಟ್ಟುಕೊಡಿ ಅಂತ ಕೇಳಿದರು. ತೀರ್ಮಾನ ಬದಲಾಗಲಿಲ್ಲ. ಅದು ಅವರ ವಸ್ತು, ನಿಲ್ಲಿಸುವ ಹಕ್ಕೂ ಅವರದೇ. ಎಂಟು ವರ್ಷ ಮೊದಲೇ ಹೇಳಿದರು ಅನ್ನುವುದನ್ನೂ ನೆನಪಿಡಬೇಕು. ಆದರೂ ನನಗೆ ಆ ದಿನ ಮನೆಯವರು ಯಾರೋ ಹೋದ ಹಾಗೆ ಆಯಿತು. ನನ್ನ ಕೈಯಲ್ಲಿ ಆಗ ಹನ್ನೊಂದು ಸಂಘಗಳ ಲೆಕ್ಕ ಇತ್ತು.

ಮುಂದೆ ಏನು? ಅಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ಇವತ್ತು ಹೇಳಲೇಬೇಕು.

ನಾನು ಇನ್ನೊಂದು ವಿದೇಶಿ ಪ್ಲಾಟ್‌ಫಾರ್ಮ್ ಆರಿಸಿದೆ. ಅದರ ಹೆಸರು ಇಲ್ಲಿ ಬೇಡ. ನೋಡಲು ಬಹಳ ಚೆನ್ನಾಗಿತ್ತು. ಪರದೆ ಕಟ್ಟುವುದು, ವರದಿ ಮಾಡುವುದು, ಹುಡುಕುವುದು ಎಲ್ಲ ಎಳೆದು ಬಿಟ್ಟರೆ ಆಗುತ್ತಿತ್ತು. ಕನ್ನಡ ಯೂನಿಕೋಡ್ ಸರಿಯಾಗಿ ಬರುತ್ತಿತ್ತು, ಯಶೋದಾ ತಮ್ಮ ಜಾಗಕ್ಕೆ ಹೋದರು. ಫಾಕ್ಸ್‌ಪ್ರೋದಲ್ಲಿ ವಾರ ಹಿಡಿಯುವ ಪರದೆ ಇಲ್ಲಿ ಒಂದು ದಿನದ ಕೆಲಸ. ಅದು ಒಳ್ಳೆಯ ಸಲಕರಣೆ ಅಲ್ಲ ಅಂತ ನಾನು ಈಗಲೂ ಹೇಳುವುದಿಲ್ಲ. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಸಮಯ ಅಂದರೆ ಊಟ.

ಕಷ್ಟ ಒಂದೊಂದಾಗಿ ಬಂತು. ಒಮ್ಮೆ ಕೊಂಡದ್ದು ಸಾಕು ಅನ್ನುತ್ತಿದ್ದವರು, ವರ್ಷ ವರ್ಷ ಕಟ್ಟಿ ಅನ್ನತೊಡಗಿದರು. ಬೆಲೆ ಡಾಲರಲ್ಲಿ. ಬಳಸುವ ಪ್ರತಿ ತಲೆಗೂ ಇಷ್ಟು. ಮೂರು ಗುಮಾಸ್ತರಿರುವ ಸಂಘ ಒಂದೇ ಲಾಗಿನ್ನಲ್ಲಿ ಮೂವರನ್ನೂ ಕೂರಿಸಿತು. ಯಾರು ಯಾವ ಎಂಟ್ರಿ ಮಾಡಿದರು ಅನ್ನುವುದು ಆಡಿಟರಿಗೆ ಸಿಗದಂತಾಯಿತು. ಹೊಸ ಆವೃತ್ತಿಯಲ್ಲಿ ಫೈಲ್ ತೆರೆದರೆ ಅದರ ರೂಪವೇ ಬದಲಾಗುತ್ತಿತ್ತು, ಹಳೆಯದರಲ್ಲಿ ಮತ್ತೆ ತೆರೆಯಲು ಆಗುತ್ತಿರಲಿಲ್ಲ. ಒಂದು ಬಟನ್ ಕೆಲಸ ಮಾಡುವುದಿಲ್ಲ ಅಂತ ಬರೆದರೆ, ಮುಂದಿನ ಆವೃತ್ತಿಯಲ್ಲಿ ಸರಿಹೋಗಬಹುದು ಅಂತ ಉತ್ತರ. ಇವೆಲ್ಲ ನಿಮಗೂ ಆಗಿರುವಂಥದ್ದೇ.

ನನ್ನನ್ನು ಅಲುಗಿಸಿದ್ದು 2018ರ ಆಗಸ್ಟ್.

ಕರಾವಳಿಯ ಒಂದು ಮೀನುಗಾರರ ಸಂಘ. ಬೋಟುಗಳಿಗೆ ಡೀಸೆಲ್, ಐಸ್ ಕೊಡುವುದು, ಬಾಕಿ ಬರೆದುಕೊಳ್ಳುವುದು, ಮೀನು ಹರಾಜಾದ ಮೇಲೆ ಹಿಡಿದುಕೊಳ್ಳುವುದು ಅವರ ಕೆಲಸ. ನಮ್ಮ ಕಡೆ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಅಷ್ಟು ದಿನ ಆಫೀಸಿನ ಕಂಪ್ಯೂಟರ್ ಮೇಲೆ ಬಟ್ಟೆ ಹೊದೆಸಿ ಇಟ್ಟಿದ್ದರು. ಆಗಸ್ಟ್ 1ಕ್ಕೆ ಬೆಳಗಿನ ಜಾವ ಬೋಟು ನಡೆಸುವ ತಾಂಡೇಲರೆಲ್ಲ ಸಾಲಾಗಿ ನಿಂತಿದ್ದಾರೆ. ಕಂಪ್ಯೂಟರ್ ಹಾಕಿದರೆ ಸಾಫ್ಟ್‌ವೇರ್ ತೆರೆಯುವುದಿಲ್ಲ. ತಿಂಗಳಿಗೊಮ್ಮೆ ಅದು ಇಂಟರ್ನೆಟ್ಟಿಗೆ ಹೋಗಿ ಲೈಸೆನ್ಸ್ ಸರಿ ಇದೆಯಾ ಅಂತ ಕೇಳಿಕೊಂಡು ಬರಬೇಕು. ಎರಡು ತಿಂಗಳು ಹೋಗಿಲ್ಲ. ಈಗ ಹೋಗೋಣ ಅಂದರೆ ಮಳೆಗೆ ನೆಟ್ ಸತ್ತಿದೆ.

ದುಡ್ಡು ಪೂರ್ತಿ ಕಟ್ಟಿದ್ದರು. ರಸೀದಿ ಫೈಲಿನಲ್ಲಿತ್ತು. ಆದರೂ ಅವರ ಸ್ವಂತ ಬಾಕಿ ಪಟ್ಟಿ ಅವರಿಗೆ ಕಾಣಲಿಲ್ಲ. ಮೂರು ದಿನ ನೋಟ್‌ಬುಕ್ಕಿನಲ್ಲಿ ಬರೆದರು. ಹಿಂದಿನ ಬಾಕಿ ಎಷ್ಟು ಅಂತ ಪ್ರತಿ ತಾಂಡೇಲನ ಬಾಯಿಂದಲೇ ಕೇಳಿ ಬರೆದುಕೊಂಡರು. ಆಮೇಲೆ ತಾಳೆ ನೋಡಿದಾಗ ಅವರು ಹೇಳಿದ್ದು ಹೆಚ್ಚುಕಡಿಮೆ ಎಲ್ಲವೂ ಸರಿ ಇತ್ತು. ಆ ಜನರ ಬಗ್ಗೆ ಇದನ್ನು ಹೇಳದೆ ಮುಂದೆ ಹೋಗಬಾರದು ಅನ್ನಿಸಿತು.

ನಾನು ಆ ಕಂಪನಿಯ ಮೇಲೆ ಬಹಳ ಸಿಟ್ಟಾದೆ. ವಾಪಸ್ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಕೂತು ದೂರಿನ ಪತ್ರ ಬರೆಯುತ್ತಿದ್ದೆ. ಅರ್ಧಕ್ಕೆ ಪೆನ್ನು ನಿಂತಿತು.

2004ರಲ್ಲಿ ನಾನೇ ಅದನ್ನು ಮಾಡಿದ್ದೆ. ಒಂದು ಸಂಘ ಎರಡು ವರ್ಷದಿಂದ ನನ್ನ ವಾರ್ಷಿಕ ನಿರ್ವಹಣೆಯ ಹಣ ಕೊಟ್ಟಿರಲಿಲ್ಲ. ನಾನು ಪ್ರೋಗ್ರಾಮಿನೊಳಗೆ ಒಂದು ತಾರೀಖು ಇಟ್ಟೆ. ಆ ತಾರೀಖು ದಾಟಿದರೆ ತೆರೆಯುವುದಿಲ್ಲ. ಹಣ ಕೊಟ್ಟರೆ ಹೊಸ ತಾರೀಖು ಹಾಕಿ ಕೊಡುತ್ತಿದ್ದೆ. ಆಗ ಅದು ನನಗೆ ನ್ಯಾಯ ಅಂತ ಕಂಡಿತ್ತು. ಅಡಿಕೆ ಸೀಸನ್ನಿನಲ್ಲಿ ಅದು ಒಂದು ದಿನ ಮುಚ್ಚಿತು. ನಾನು ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಇದ್ದೆ, ಫೋನ್ ಸಿಗಲಿಲ್ಲ. ಆ ದಿನ ಪಟ್ಟಿ ಸಿಗದೆ ಬೆಳೆಗಾರರು ಬರಿಗೈಯಲ್ಲಿ ಹೋದರು. ಹಣ ಬಾಕಿ ಇಟ್ಟದ್ದು ಆಡಳಿತದವರು. ಬರಿಗೈಯಲ್ಲಿ ಹೋದದ್ದು ಚೀಲ ತಂದವರು.

ಇದನ್ನು ಹದಿನಾಲ್ಕು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ನೆನಪಾಯಿತು. ಆ ಪತ್ರ ಮುಗಿಸಿದೆ, ಕಳಿಸಿಯೂ ಕಳಿಸಿದೆ. ಆದರೆ ಅದಕ್ಕಿಂತ ಮೊದಲು ನನ್ನ ಎಲ್ಲ ಪ್ರೋಗ್ರಾಮುಗಳಲ್ಲಿ ಇಂಥ ಬೀಗ ಎಲ್ಲೆಲ್ಲಿ ಇದೆ ಅಂತ ಹುಡುಕಿದೆ. ತಾರೀಖಿನ ಬೀಗ ಇನ್ನು ಎರಡು ಕಡೆ ಇತ್ತು, ತೆಗೆದೆ. ಬೇರೆ ಬಗೆಯ ಬೀಗಗಳೇ ಜಾಸ್ತಿ ಸಿಕ್ಕವು. ಬಡ್ಡಿ ಲೆಕ್ಕದ ಸೂತ್ರ ನನ್ನ ತಲೆಯಲ್ಲಿ ಮಾತ್ರ. ಡೇಟಾ ಫೈಲಿನ ಪಾಸ್‌ವರ್ಡ್ ನನ್ನ ಡೈರಿಯಲ್ಲಿ ಮಾತ್ರ. ಮೂಲ ಕೋಡ್ ನನ್ನ ಮನೆಯ ಕಂಪ್ಯೂಟರಲ್ಲಿ ಮಾತ್ರ. ನಾಳೆ ನಾನು ಇಲ್ಲ ಅಂದರೆ?

ಹಾಗಾಗಿ ‘ದುಡ್ಡಿನದ್ದು ಕೆಟ್ಟದ್ದು, ಓಪನ್ ಸೋರ್ಸ್ ಒಳ್ಳೆಯದು’ ಅಂತ ಯಾರಾದರೂ ಸಲೀಸಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ನಾನು ಈಗ ದೊಡ್ಡ ಸಂಘಗಳಿಗೆ ಪೋಸ್ಟ್‌ಗ್ರೆಸ್ ಬಳಸುತ್ತೇನೆ. ಅದು ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಡೇಟಾಬೇಸ್. ಅದು 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಯಾವ ಒಂದು ಕಂಪನಿಯ ಆಸ್ತಿಯೂ ಅಲ್ಲ. ಒಂದೇ ಕಂಪ್ಯೂಟರಿನ ಸಣ್ಣ ಸಂಘಕ್ಕೆ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಸಾಕು. ಅದನ್ನು ಮಾಡಿದವರು 2050ರವರೆಗೆ ನೋಡಿಕೊಳ್ಳುತ್ತೇವೆ ಅಂತ ಹೇಳಿದ್ದಾರೆ, ಅದರ ಫೈಲಿನ ಒಳರಚನೆಯೂ ಡಿಬಿಎಫ್‌ನ ಹಾಗೆ ಎಲ್ಲರಿಗೂ ತೆರೆದಿದೆ. ಆದರೆ ಇಂಥದ್ದೂ ಕೈ ಬದಲಾಗುವುದುಂಟು. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್ 2008ರಲ್ಲಿ ಸನ್ ಕಂಪನಿಗೆ ಹೋಯಿತು, 2010ರಲ್ಲಿ ಸನ್ ಜೊತೆಗೆ ಒರಾಕಲ್‌ಗೆ ಹೋಯಿತು. ಅಲ್ಲಿ ಕೋಡ್ ತೆರೆದಿತ್ತು, ಅದನ್ನು ಮೊದಲು ಬರೆದವರೇ 2009ರಲ್ಲಿ ಮರಿಯಾಡಿಬಿ ಅಂತ ಬೇರೆ ಮನೆ ಹೂಡಿದರು. ಅಷ್ಟು ವ್ಯತ್ಯಾಸ ಇದೆ, ಅದು ದೊಡ್ಡ ವ್ಯತ್ಯಾಸವೇ. ಆದರೆ ಸೂತ್ರ ಡೆವಲಪರಿನ ತಲೆಯಲ್ಲಿ ಮಾತ್ರ ಇದ್ದರೆ ಪೋಸ್ಟ್‌ಗ್ರೆಸ್ ಇದ್ದು ಆ ಸಂಘಕ್ಕೆ ಏನು ಸಿಕ್ಕಿತು?

ಆ ವಿದೇಶಿ ಪ್ಲಾಟ್‌ಫಾರ್ಮಿನಿಂದ ಹೊರಬರಲು ನನಗೆ ಏಳು ತಿಂಗಳು ಬೇಕಾಯಿತು. 38 ಟೇಬಲ್‌ಗಳು, ಅಂದರೆ ದಾಖಲೆಯ ಕೋಷ್ಟಕಗಳು. ಒಂದೊಂದನ್ನೇ ಹೊರಗೆ ತೆಗೆಯಬೇಕು. ಯಾವ ಟೇಬಲ್ ಯಾವುದಕ್ಕೆ ಜೋಡಿದೆ ಅನ್ನುವುದು ಹೊರಗೆ ಬರುವುದಿಲ್ಲ. ಲೆಕ್ಕ ಹಾಕಿ ಬಂದ ಮೊತ್ತ ಬರುತ್ತದೆ, ಲೆಕ್ಕ ಹಾಕಿದ ಸೂತ್ರ ಬರುವುದಿಲ್ಲ. ಬೋಟುಗಳ ದಾಖಲೆಯ ಫೋಟೋಗಳು ಬಂದವು, ಯಾವುದು ಯಾವ ಬೋಟಿನದು ಅನ್ನುವುದು ಬರಲಿಲ್ಲ. ಸಂಘದ ಇಬ್ಬರು ಕೂತು ಒಂದೊಂದು ಫೋಟೋ ನೋಡಿ ಬೋಟಿನ ಹೆಸರು ಹೇಳಿದರು. ಆ ವಿದೇಶಿ ಪ್ಲಾಟ್‌ಫಾರ್ಮಿಗಿಂತ ಎಷ್ಟೋ ಹಳೆಯದಾದ ಫಾಕ್ಸ್‌ಪ್ರೋ ಫೈಲುಗಳನ್ನು ನಾನು ಒಂದು ಮಧ್ಯಾಹ್ನದಲ್ಲಿ ತಂದಿದ್ದೆ, ಅರ್ಕಾವತ್ತು ಒಂದು ಬಿಟ್ಟು.

ಈಗ ಈ ಮಾತು ಯಾಕೆ ತುರ್ತು ಅಂದರೆ, ನಮ್ಮ ಸಂಘಗಳೆಲ್ಲ ಮತ್ತೊಮ್ಮೆ ಮನೆ ಬದಲಿಸುತ್ತಿವೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೇ ಡೇಟಾ ತೆಗೆದುಕೊಡಿ ಅಂತ ನಮ್ಮ ಬಾಗಿಲಿಗೇ ಬರುತ್ತಾರೆ. ನಮ್ಮಲ್ಲಿ ಕೆಲವರಿಗೆ ಇದರಿಂದ ಕೆಲಸ ಹೋಗುವ ಭಯ ಇದೆ. ನನಗೂ ಇದೆ. ಆದರೂ ದಯವಿಟ್ಟು ಡೇಟಾ ತಡೆದು ಹಿಡಿಯಬೇಡಿ. ಅದು ಸದಸ್ಯರದ್ದು. ಬೆವರು ಸುರಿಸಿ ತಂದ ಚೀಲದ ಲೆಕ್ಕ ಅದು.

ನಾನು ಈಗ ಮಾಡುವುದು ಹೇಳಿ ಮುಗಿಸುತ್ತೇನೆ. ಪ್ರತಿ ಮಾರ್ಚ್ 31ಕ್ಕೆ, ಲೆಕ್ಕ ಮುಗಿದ ಮೇಲೆ, ಎಲ್ಲ ಟೇಬಲ್‌ಗಳನ್ನೂ ಬರೀ ಪಠ್ಯದ ಫೈಲಾಗಿ ಯೂನಿಕೋಡಿನಲ್ಲಿ ಹೊರಗೆ ತೆಗೆಯುತ್ತೇನೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಲು ಬರಬೇಕು. ಅದರ ಜೊತೆಗೆ ಕಾಗದದ ಮೇಲೆ, ಕನ್ನಡದಲ್ಲಿ, ಯಾವ ಫೀಲ್ಡ್ ಅಂದರೆ ಏನು, ಬಡ್ಡಿ ಹೇಗೆ ಹಾಕಿದೆ, ಯಾವುದರಿಂದ ಯಾವುದು ಕಳೆದಿದೆ, ಎಲ್ಲ ಬರೆದು ಪ್ರಿಂಟ್ ತೆಗೆದು ಸಹಿ ಮಾಡುತ್ತೇನೆ. ಪೆನ್‌ಡ್ರೈವ್, ಪಾಸ್‌ವರ್ಡ್, ಆ ಕಾಗದ, ಮೂರೂ ಸಂಘದ ತಿಜೋರಿಗೆ, ಆಡಿಟ್ ವರದಿಯ ಜೊತೆ. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ, ಯಾಕೆಂದರೆ ಒರಲೆಗೆ, ಅಂದರೆ ಗೆದ್ದಲಿಗೆ, ತಿಜೋರಿ, ಕಪಾಟು ಅಂತ ಭೇದ ಇಲ್ಲ.

ಈ ಮಾರ್ಚಿನಲ್ಲಿ ಸಿದ್ದಾಪುರ ಕಡೆಯ ಆ ಮೊದಲ ಸಂಘದಲ್ಲಿ ಇದನ್ನು ಮಾಡುತ್ತಿದ್ದೆ. ಹೊಸದಾಗಿ ಸೇರಿದ ಹುಡುಗಿ ಪಕ್ಕದಲ್ಲಿ ಕೂತಿದ್ದಳು. ನಾನು ಬರೆದ ಕಾಗದ ಓದುತ್ತಾ ಓದುತ್ತಾ ಕೇಳಿದಳು, ‘ಅಕ್ಕಾ, ಎಲ್ಲ ಫೀಲ್ಡೂ ಯಾಕೆ ಹತ್ತೇ ಅಕ್ಷರದೊಳಗೆ ಇದೆ?’ ನಾನು ಬೆರಳು ಮಡಚಿ ತಟ್ಟಿಬೆಟ್ಟೆ ಎಣಿಸಿ ತೋರಿಸಿದೆ. ಅವಳು ಆ ಕಾಗದದ ಕೊನೆಗೆ ತನ್ನ ಅಕ್ಷರದಲ್ಲಿ ಅದನ್ನೂ ಒಂದು ಸಾಲು ಬರೆದಳು.

ಈಗ ಚಹಾ ಬರುತ್ತದೆ. ನುಡಿಯಿಂದ ಯೂನಿಕೋಡಿಗೆ ತರುವ ನನ್ನ ಪ್ರೋಗ್ರಾಮ್ ಈ ಪೆನ್‌ಡ್ರೈವಿನಲ್ಲಿದೆ. ಗೋಕರ್ಣ, ಕರ್ಕಿ ಎರಡೂ ಸರಿ ಬರುತ್ತವೆ. ಭಟ್ಕಳ ಕಡೆಯ ಡೇಟಾದಲ್ಲಿ ಇನ್ನೂ ಹಾಕಿ ನೋಡಿಲ್ಲ. ಯಾರ ಹತ್ತಿರ ತೆರೆಯದ ಹಳೇ ಫೈಲ್ ಇದೆಯೋ ತೆಗೆದುಕೊಂಡು ಬನ್ನಿ, ಆ ಮೂಲೆಯ ಮೇಜಿನಲ್ಲಿ ಕೂತು ನೋಡೋಣ.